ಕೆಡಿಇ ಪ್ಲಾಸ್ಮಾ 6: ಎಷ್ಟು ಬೇಕಾದರೂ ತಿದ್ದಬಹುದು, ಗ್ಲೋಬಲ್ ಥೀಮ್ ಒಂದನ್ನು ಬಿಟ್ಟು

ಲಿನಕ್ಸ್ ಡೆಸ್ಕ್‌ಟಾಪನ್ನು ತಮ್ಮ ಕೈಗೆ ಒಗ್ಗುವಂತೆ ಮಾಡಿಕೊಳ್ಳಬೇಕು ಎನ್ನುವವರಿಗೆ ಮೊದಲು ಹೇಳಬೇಕಾದ ಹೆಸರು ಕೆಡಿಇ ತಂಡದ ಡೆಸ್ಕ್‌ಟಾಪ್ ಆದ ಪ್ಲಾಸ್ಮಾ 6. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಗ್ನೋಮ್‌ನಲ್ಲಿ ಎಕ್ಸ್‌ಟೆನ್ಷನ್ (ಹೆಚ್ಚುವರಿ ತುಣುಕು) ಹುಡುಕಿ ಮಾಡಬೇಕಾದ ಎಷ್ಟೋ ಕೆಲಸ ಇಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೇ ಮುಗಿಯುತ್ತದೆ. ಪ್ಯಾನೆಲ್ (ಮೆನು, ಗಡಿಯಾರ ಇರುವ ಪಟ್ಟಿ) ವಿಷಯ ಹೆಚ್ಚು ಹೇಳಬೇಕಿಲ್ಲ: ಎಡಿಟ್ ಮೋಡ್‌ಗೆ ಹೋಗಿ ಎಳೆದರೆ ಆಯಿತು. ಚಿಕ್ಕ ಲ್ಯಾಪ್‌ಟಾಪಿಗೆ ‘ಡಾಡ್ಜ್ ವಿಂಡೋಸ್’ ಇಟ್ಟುಕೊಳ್ಳಿ, ವಿಂಡೋ ತಾಗಿದಾಗ ಮಾತ್ರ ಪ್ಯಾನೆಲ್ ಸರಿದು ಜಾಗ ಬಿಡುತ್ತದೆ.

ಎಡವುವುದು ಬಣ್ಣ, ಐಕಾನ್, ಲೇಔಟ್ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗ್ಲೋಬಲ್ ಥೀಮ್‌ನಲ್ಲಿ. ಹಾಕುವಾಗ ‘ಡೆಸ್ಕ್‌ಟಾಪ್ ಅಂಡ್ ವಿಂಡೋ ಲೇಔಟ್’ಗೆ ಟಿಕ್ ಹಾಕಿದರೆ ನೀವು ಜೋಡಿಸಿಟ್ಟ ಪ್ಯಾನೆಲ್, ವಿಜೆಟ್ ಎಲ್ಲ ಹೋಗಿ ಥೀಮಿನವು ಬಂದು ಕೂರುತ್ತವೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಥೀಮಿನೊಳಗೆ ಕೋಡ್ ಇರಬಹುದು, ಅದು ನಿಮ್ಮ ಅಕೌಂಟಿನ ಅಧಿಕಾರದಲ್ಲೇ ಓಡುತ್ತದೆ. 2024ರ ಮಾರ್ಚ್‌ನಲ್ಲಿ ಇಂಥದೊಂದು ಥೀಮ್ ಹಾಕಿದ ಬಳಕೆದಾರರೊಬ್ಬರ ಫೈಲುಗಳೇ ಅಳಿಸಿಹೋಗಿ, ಕೆಡಿಇ ತಂಡ ಎಚ್ಚರಿಕೆ ಕೊಡಬೇಕಾಯಿತು. ಬಣ್ಣದ ಸ್ಕೀಮ್ ಮತ್ತು ಐಕಾನ್ ಬೇರೆಬೇರೆಯಾಗಿ ಬದಲಿಸಿ. ತೊಂಬತ್ತು ಪಾಲು ನೋಟ ಅಷ್ಟರಲ್ಲೇ ಬದಲಾಗುತ್ತದೆ. ಪ್ಲಾಸ್ಮಾ 5ರ ವಿಜೆಟ್‌ಗಳು ಇಲ್ಲಿ ನಡೆಯುವುದಿಲ್ಲ, ಹುಡುಕುವಾಗ ಗಮನವಿರಲಿ.

ನಿಜವಾದ ಬೆಲೆ ಇರುವುದು ವಿಂಡೋ ರೂಲ್ಸ್‌ಗೆ, ಅಂದರೆ ಯಾವ ವಿಂಡೋ ಎಲ್ಲಿ, ಹೇಗೆ ತೆರೆಯಬೇಕೆಂದು ನೀವು ಹಾಕುವ ನಿಯಮಗಳಿಗೆ. ಪ್ಲಾಸ್ಮಾ 6ರಲ್ಲಿ ವಿಂಡೋಗಳನ್ನು ತೆರೆಯ ಮೇಲೆ ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್ ತಾನಾಗಿಯೇ ಬರುತ್ತದೆ, ಮತ್ತು ವೇಲ್ಯಾಂಡ್‌ನಲ್ಲಿ ಆ್ಯಪ್ ತನ್ನ ಜಾಗವನ್ನು ತಾನೇ ಆರಿಸುವಂತಿಲ್ಲ. ಹಾಗಾಗಿ ನಿನ್ನೆ ಬಲಗಡೆ ಇಟ್ಟ ಟರ್ಮಿನಲ್ ಇವತ್ತು ಇನ್ನೆಲ್ಲೋ ತೆರೆದುಕೊಳ್ಳುತ್ತದೆ. ಟೈಟಲ್ ಬಾರ್ ಮೇಲೆ ರೈಟ್ ಕ್ಲಿಕ್, ಮೋರ್ ಆ್ಯಕ್ಷನ್ಸ್, ಕಾನ್ಫಿಗರ್ ಸ್ಪೆಷಲ್ ವಿಂಡೋ ಸೆಟ್ಟಿಂಗ್ಸ್. ಅಲ್ಲಿ ಪೊಸಿಷನ್ ಸೇರಿಸಿ ‘ಅಪ್ಲೈ ಇನಿಷಿಯಲಿ’ ಆರಿಸಿ. ‘ಫೋರ್ಸ್’ ಕೊಟ್ಟರೆ ಆಮೇಲೆ ಕೈಯಿಂದ ಎಳೆದರೂ ವಿಂಡೋ ಕದಲುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ಎರಡು ಕಡೆ ಕೈ ಹಾಕಲೇಬೇಕು. 10 ಪಾಯಿಂಟ್‌ನ ಫಾಂಟಿನಲ್ಲಿ ಇಂಗ್ಲಿಷ್ ಚೆನ್ನಾಗಿ ಕಂಡರೂ ‘ಸ್ತ್ರೀ’, ‘ಲಕ್ಷ್ಮೀ’ಯಂಥ ಪದಗಳ ಒತ್ತಕ್ಷರ ಕಲಸಿದಂತಾಗುತ್ತದೆ. 11ಕ್ಕೆ ಏರಿಸಿ, ‘ಸ್ಮಾಲ್’ ಫಾಂಟನ್ನು 8ರಿಂದ 9ಕ್ಕೆ ತನ್ನಿ. ಟೈಪಿಂಗಿಗೆ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ಕಗಪ ಇದೆ. ಬೇರೆ ಬೇರೆ ಭಾಷೆಗಳ ಟೈಪಿಂಗಿಗೆಂದೇ ಇರುವ ಎಫ್‌ಸಿಟಿಎಕ್ಸ್ 5 (Fcitx 5) ತಂತ್ರಾಂಶ ಬೇಕಿದ್ದರೆ ಇನ್‌ಸ್ಟಾಲ್ ಮಾಡಿದ್ದಷ್ಟೇ ಸಾಲದು. ‘ವರ್ಚುವಲ್ ಕೀಬೋರ್ಡ್’ ಪುಟದಲ್ಲಿ ಅದನ್ನು ಆರಿಸಬೇಕು. ಹೆಸರು ನೋಡಿ ಇದು ಟಚ್‌ಸ್ಕ್ರೀನಿನದು ಅಂದುಕೊಂಡು ಮುಂದೆ ಹೋಗಿಬಿಡುವುದು ಸುಲಭ. ಈ ಹೆಸರನ್ನು ಕೆಡಿಇ ಬದಲಿಸಬೇಕು.

ಗ್ನೋಮ್‌ನ ಹೊಸ ಆ್ಯಪ್‌ಗಳು ತಮ್ಮ ಟೈಟಲ್ ಬಾರನ್ನು ತಾವೇ ಬರೆದುಕೊಳ್ಳುವುದರಿಂದ ನಿಮ್ಮ ವಿಂಡೋ ಅಲಂಕಾರ ಅವುಗಳಿಗೆ ಹತ್ತುವುದಿಲ್ಲ. ಅದಕ್ಕೆ ಒಳ್ಳೆಯ ಪರಿಹಾರವೂ ಇಲ್ಲ.

ಏನೇ ತಿದ್ದುವ ಮೊದಲು ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿ, ಅಡಗಿರುವ ಫೋಲ್ಡರುಗಳು ಕಂಡಮೇಲೆ ಸೆಟ್ಟಿಂಗ್‌ಗಳಿರುವ ‘ಡಾಟ್ ಕಾನ್ಫಿಗ್’ (.config) ಫೋಲ್ಡರನ್ನು ಕಾಪಿ ಮಾಡಿಡಿ. ಹಳೆಯದನ್ನು ವಾಪಸ್ ಹಾಕುವಾಗ ಮಾತ್ರ ಲಾಗೌಟ್ ಆಗಿ, ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಬರುವ ಕನ್ಸೋಲಿನಿಂದ (ಬರೀ ಅಕ್ಷರಗಳ ಕಮಾಂಡ್ ಪರದೆ) ಹಾಕಿ. ಪ್ಲಾಸ್ಮಾ ಓಡುತ್ತಿದ್ದರೆ ಮುಚ್ಚುವಾಗ ತನ್ನ ನೆನಪಿನಲ್ಲಿರುವುದನ್ನೇ ಮತ್ತೆ ಅದರ ಮೇಲೆ ಬರೆದುಬಿಡಬಹುದು.