ವಾಕರಿಕೆ: ಹೊಟ್ಟೆಯದೋ, ತಲೆಯದೋ?

ಹೊಟ್ಟೆ ತೊಳಸಿದರೆ ನಮ್ಮ ಮನೆಗಳಲ್ಲಿ ಮೊದಲ ತೀರ್ಪು ‘ಪಿತ್ತ’. ತೀರ್ಪಿಗೆ ಮುಂಚೆ ಗಡಿಯಾರ ನೋಡುವುದು ವಾಸಿ.

ಮದುವೆ ಊಟ ಮುಗಿಸಿ ಎರಡು ಮೂರು ಗಂಟೆಯಲ್ಲೇ ವಾಂತಿ ಶುರುವಾದರೆ ಅನುಮಾನ ಹಳಸಿದ ಆಹಾರದ ಮೇಲೆ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಿನ್ನೆಯ ಪಲಾವನ್ನು ಕುದಿಸಿ ಬಡಿಸುವವರು ಗಮನಿಸಲಿ. ನೊರೊವೈರಸ್ ಹಾಗಲ್ಲ, ತಗುಲಿದ ಮೇಲೆ 12ರಿಂದ 48 ಗಂಟೆ ಕಾಯಿಸುತ್ತದೆ, ಭೇದಿಯನ್ನೂ ತರುತ್ತದೆ, ಮನೆಮಂದಿಗೆಲ್ಲ ಹಂಚುತ್ತದೆ. ಎರಡಕ್ಕೂ ಓಆರ್‌ಎಸ್ ನೀರು: ದೊಡ್ಡ ಪೊಟ್ಟಣವೊಂದನ್ನು ಒಂದು ಲೀಟರ್ ನೀರಿಗೆ ಕದಡಿ, ಗಟಗಟ ಅಲ್ಲ, ಗುಟುಕು ಗುಟುಕಾಗಿ.

ಎದೆಯುರಿ, ಹುಳಿತೇಗು ಜತೆಗಿದ್ದರೆ ಅದು ಆಮ್ಲದ ಕಾಟ. ಖಾಲಿ ಹೊಟ್ಟೆಯ ಸ್ಟ್ರಾಂಗ್ ಕಾಫಿಯನ್ನು ಬಿಡಲು ನನಗೂ ಮನಸ್ಸಿಲ್ಲ, ಆದರೂ ಮೊದಲು ಇಡ್ಲಿ ತಿನ್ನಿ.

ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಬಸ್ಸು ಮುಗ್ಗರಿಸುತ್ತಿರುವಾಗ ಮೊಬೈಲ್ ನೋಡಿ ತಲೆ ತಿರುಗಿದರೆ ಹೊಟ್ಟೆಯ ತಪ್ಪೇನಿಲ್ಲ. ಒಳಗಿವಿ ‘ಚಲಿಸುತ್ತಿದ್ದೇವೆ’ ಎಂದರೆ ಕಣ್ಣು ‘ಇಲ್ಲ’ ಎನ್ನುತ್ತದೆ. ದೂರ ನೋಡಿ. ಇಳಿದ ಮೇಲೂ ಅರ್ಧ ತಲೆ ಸಿಡಿಯುತ್ತಾ ಬೆಳಕು ಚುಚ್ಚಿದರೆ ಮೈಗ್ರೇನ್ ಇರಬಹುದು.

ಮುಟ್ಟು ತಪ್ಪಿದ್ದರೆ ಗರ್ಭಧಾರಣೆ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

ವಾಕರಿಕೆಯೊಡನೆ ಎದೆ ಹಿಂಡಿ ತಣ್ಣನೆ ಬೆವರಿದರೆ ಸೋಡಾ ಕುಡಿದು ಕೂರಬೇಡಿ, 108ಕ್ಕೆ ಕರೆ ಮಾಡಿ. ವಾಂತಿಯಲ್ಲಿ ರಕ್ತ ಕಂಡರೂ ಅಷ್ಟೇ.