ಅಡಿಕೆ ತೋಟಕ್ಕೆ ಗಾಗಲ್ಸ್: ಯಾವುದು ಕೊಳ್ಳಬೇಕು, ಯಾವುದು ಸಾಲದು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದವರು ಕಣ್ಣಿಗೆ ಹಾಕಿಕೊಳ್ಳುವುದು ಹೆಚ್ಚಾಗಿ ಮೂರು ಬಗೆ: ಹುಲ್ಲು ಕತ್ತರಿಸುವ ಮೆಷಿನಿನ ಜೊತೆಗೆ ಬರುವ ಬಲೆಯ ಮುಖಪರದೆ, ಬದಿ ತೆರೆದಿರುವ ಬಿಳಿ ಕನ್ನಡಕ, ಮುಖಕ್ಕೆ ಅಂಟಿ ಕೂರುವ ಮೆತ್ತನೆ ಅಂಚಿನ ಗಾಗಲ್ಸ್. ತೋಟದ ಕೆಲಸಕ್ಕೆ ಮೂರನೆಯದೇ ಸರಿ. ಬಲೆ ಕಲ್ಲನ್ನು ತಡೆಯುತ್ತದೆ, ಹುಡಿಯನ್ನೂ ಹುಲ್ಲಿನ ರಸವನ್ನೂ ತಡೆಯುವುದಿಲ್ಲ. ಅದನ್ನು ಹಾಕುವುದಾದರೆ ಒಳಗೆ ಗಾಗಲ್ಸ್ ಇರಲೇಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಸೋಗೆಯ ತುದಿಯೋ ಅಡಿಕೆ ಸಿಪ್ಪೆಯ ನಾರೋ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಮೇಲ್ಪೊರೆಯನ್ನು ಗೀರಿದರೆ, ಗಿಡದ ಮೇಲಿದ್ದ ಶಿಲೀಂಧ್ರಕ್ಕೆ ಆ ಗೀರೇ ದಾರಿ. ಬಾಳೆಗೆ ಪನಾಮಾ ಸೊರಗು ರೋಗ ತರುವ ಫ್ಯುಸೇರಿಯಂ, ಅಡಿಕೆಯ ಹಿಂಗಾರ ಒಣಗಿಸುವ ಕೊಲೆಟೋಟ್ರೈಕಂ, ಮಾವಿನ ಹಣ್ಣನ್ನು ತೊಟ್ಟಿನಿಂದ ಕೊಳೆಸುವ ಲೇಸಿಯೊಡಿಪ್ಲೋಡಿಯಾ, ಈ ಮೂರು ಬಳಗದವೂ ಮನುಷ್ಯರ ಕಣ್ಣಿನಲ್ಲಿ ಹುಣ್ಣು ಮಾಡುತ್ತವೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ಥೊರಾ ಈ ಸಾಲಿಗೆ ಸೇರಿದ್ದಲ್ಲ. ಆದರೆ ಅದಕ್ಕೆಂದು ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಇರುತ್ತದೆ. ಸುಣ್ಣ ಕಣ್ಣನ್ನು ಸುಡುತ್ತದೆ. ಹಾಗಾಗಿ ಮದ್ದು ಕಲಸುವಾಗಲೂ ಬಿಡುವಾಗಲೂ ಇದೇ ಗಾಗಲ್ಸ್ ಬೇಕು.

ಕೊಳ್ಳುವ ಮೊದಲು ಚೌಕಟ್ಟಿನ ಮೇಲಿನ ಗುರುತು ಓದಿ. ಇಎನ್ 166 (EN 166, ಕಣ್ಣಿನ ರಕ್ಷಣೆಗೆ ಯುರೋಪಿನ ಮಾನದಂಡ) ಜೊತೆ 3 ಎಂದಿದ್ದರೆ ದ್ರವದ ಹನಿ ತಡೆಯುತ್ತದೆ, 4 ಎಂದಿದ್ದರೆ ದಪ್ಪ ಹುಡಿ. ‘ಎಫ್’ ಅಕ್ಷರವಿದ್ದರೆ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿಯುವ ಸಣ್ಣ ಉಕ್ಕಿನ ಗುಂಡನ್ನು ತಾಳುತ್ತದೆ, ‘ಬಿ’ ಇದ್ದರೆ 120 ಮೀಟರ್. ಹುಲ್ಲು ಕತ್ತರಿಸುವವರು ‘ಬಿ’ಗೇ ಪಟ್ಟುಹಿಡಿಯಿರಿ. ಗಾಳಿಕಿಂಡಿಗಳನ್ನೂ ನೋಡಿ: ಬರೇ ತೂತುಗಳಿದ್ದರೆ ಮದ್ದಿನ ಹನಿ ನೇರ ಒಳಗೆ ಬರುತ್ತದೆ, ಮೇಲೆ ಮುಚ್ಚಳವಿರುವ ಕಿಂಡಿಯೇ ಆಗಬೇಕು. ಪವರ್ ಕನ್ನಡಕ ಇರುವವರು ಅದನ್ನು ಹಾಕಿಕೊಂಡೇ ಅಂಗಡಿಯಲ್ಲಿ ಅಳತೆ ನೋಡಲಿ.

ಇವುಗಳ ದೊಡ್ಡ ದೋಷ ಮಂಜು. ಮಳೆಗಾಲದ ಸೆಕೆಗೆ ಮಸೂರ ಬೇಗ ಮಸುಕಾಗುತ್ತದೆ, ಆಗ ಜನ ಅದನ್ನು ಹಣೆಗೆ ಏರಿಸಿಕೊಳ್ಳುತ್ತಾರೆ, ಪೆಟ್ಟು ಬೀಳುವುದೂ ಆಗಲೇ. ಮಸೂರದಲ್ಲಿ ‘ಎನ್’ ಗುರುತಿದ್ದರೆ ಮಂಜು ಕಟ್ಟದ ಲೇಪವಿದೆ ಎಂದರ್ಥ. ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಬೈರಾಸಿನಲ್ಲಿ ಒಣ ಉಜ್ಜಿದರೆ ಆ ಲೇಪ ಹೋಗುತ್ತದೆ, ಒಣಗಿದ ಬೋರ್ಡೋ ಕಲೆ ಮಸೂರವನ್ನು ಗೀಚುತ್ತದೆ. ನೀರಲ್ಲಿ ನೆನೆಸಿ, ತೆಳು ಸೋಪು ನೀರಲ್ಲಿ ಅದ್ದಿ, ಕೊಡವಿ ನೆರಳಲ್ಲಿ ಒಣಗಿಸಿ. ಎಲಾಸ್ಟಿಕ್ ಸಡಿಲವಾದರೆ ಅಂಚು ಮುಖಕ್ಕೆ ಕೂರುವುದಿಲ್ಲ, ಪಟ್ಟಿ ಬದಲಿಸಿ.

ಕಣ್ಣಿಗೆ ಗೀರಿಯೇ ಬಿಟ್ಟಿದ್ದರೆ ಉಜ್ಜಬೇಡಿ, ಶುದ್ಧ ನೀರಲ್ಲಿ ತೊಳೆಯಿರಿ. ಕೆಂಪು, ನೋವು, ಬಿಳಿ ಚುಕ್ಕೆ ಕೆಲವು ದಿನ ಬಿಟ್ಟು ಕಾಣಿಸಬಹುದು. ಮೆಡಿಕಲಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಲೇಬಾರದು: ಕೆಂಪು ಇಳಿಯುತ್ತದೆ, ಶಿಲೀಂಧ್ರ ಬೆಳೆಯುತ್ತದೆ. ಕಣ್ಣಿನ ಡಾಕ್ಟರಲ್ಲಿ ‘ಸೋಗೆ ತಗಲಿದ್ದು’ ಎಂದು ಮೊದಲೇ ಹೇಳಿ. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆ ಕಾಣುತ್ತದೆ. ಫ್ಯುಸೇರಿಯಂ ಆಗಿದ್ದರೆ ಶಿಲೀಂಧ್ರ ಕೊಲ್ಲುವ ಮದ್ದುಗಳಲ್ಲಿ 5% ನ್ಯಾಟಮೈಸಿನ್ ಹನಿಯೇ ವೊರಿಕೊನಜೋಲ್‌ಗಿಂತ ಮೇಲು ಎಂದು ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿದೆ. ಶುರುವಿಗೆ ಗಂಟೆಗೊಮ್ಮೆ, ಮತ್ತೆ ವಾರಗಟ್ಟಲೆ ಹಾಕಬೇಕಾಗುತ್ತದೆ. ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ.