ತಿಂಗಳಿಗೆ ಹತ್ತು ಹಾಳೆ: ಇಂಕ್‌ಜೆಟ್ಟೋ ಲೇಸರೋ?

ರಾಯಚೂರಿನ ನಮ್ಮ ಮನೆಯಲ್ಲಿ ಪ್ರಿಂಟ್ ಬೇಕಾಗುವುದು ಅಪರೂಪ. ಒಮ್ಮೆ ಪಹಣಿ, ಒಮ್ಮೆ ಆಧಾರ್, ಪರೀಕ್ಷೆ ಬಂದಾಗ ಮಗಳ ಹಾಲ್ ಟಿಕೆಟ್. ನಿಮ್ಮದೂ ಹೀಗೇ ಇದ್ದರೆ ಲೇಸರ್ ಪ್ರಿಂಟರ್ ತಗೊಳ್ಳಿ.

ಇಂಕ್‌ಜೆಟ್ ಕೊಳ್ಳುವಾಗ ಅಗ್ಗ, ನಿಜ. ಆದರೆ ಅದರ ಶಾಯಿ ತೆಳ್ಳಗೆ ನೀರಿನಂತಿರುತ್ತದೆ, ಕೂದಲಿಗಿಂತ ಸಣ್ಣ ತೂತುಗಳಿಂದ ಹೊರಬರಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಅಲ್ಲೇ ಒಣಗಿಬಿಡುತ್ತದೆ. ಮೇ ತಿಂಗಳಲ್ಲಿ ನನ್ನ ಹಳೇ ಇಂಕ್‌ಜೆಟ್‌ನಿಂದ ಬಂದ ಪಹಣಿ ತುಂಬಾ ಅಡ್ಡಡ್ಡ ಬಿಳಿ ಗೆರೆ. ಸರ್ವೆ ನಂಬರೇ ಓದಲಾಗಲಿಲ್ಲ. ಮೂರು ಸಲ ಹೆಡ್ ಕ್ಲೀನಿಂಗ್ (ಶಾಯಿ ಹಾಯಿಸಿ ಆ ತೂತುಗಳನ್ನು ತೊಳೆಯುವುದು) ಕೊಟ್ಟೆ. ಅದಕ್ಕೂ ಶಾಯಿಯೇ ಖರ್ಚು, ಅಲ್ವಾ?

ಲೇಸರ್‌ನ ಟೋನರ್ ಒಣ ಪುಡಿ. ಬಿಸಿ ರೋಲರ್ ಅದನ್ನು ಕರಗಿಸಿ ಹಾಳೆಗೆ ಅಂಟಿಸುತ್ತದೆ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಒಣಗುವ ಮಾತೇ ಇಲ್ಲ. ಬೆವರಿನ ಕೈ ತಾಗಿದರೂ ಅಕ್ಷರ ಹರಡುವುದಿಲ್ಲ. ಆದರೆ ರೋಲರ್ ಬಿಸಿಯಾಗುವಾಗ ಕರೆಂಟ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಮನೆಯ ಯುಪಿಎಸ್‌ಗೆ ಹಾಕಬೇಡಿ, ನೇರ ಗೋಡೆಯ ಪ್ಲಗ್‌ಗೆ ಹಾಕಿ.

ಬಣ್ಣ? ಅಗ್ಗದ ಲೇಸರ್‌ಗಳಲ್ಲಿ ಕಪ್ಪು ಮಾತ್ರ. ಮಕ್ಕಳ ಪ್ರಾಜೆಕ್ಟ್‌ಗೆ ವಾರವಾರವೂ ಬಣ್ಣ ಬೇಕೆಂದರೆ ಇಂಕ್ ಟ್ಯಾಂಕ್ ಇರುವ ಇಂಕ್‌ಜೆಟ್ ಒಳ್ಳೆಯದು. ಬಳಸುತ್ತಿದ್ದರೆ ಶಾಯಿ ಒಣಗುವ ಭಯ ಕಡಿಮೆ. ವರ್ಷಕ್ಕೆ ನಾಲ್ಕು ಫೋಟೋ ಅಷ್ಟೇ ಆದರೆ ಸ್ಟುಡಿಯೋದಲ್ಲೇ ಹಾಕಿಸಿ.